ಮಾಕಳಿ ಬೇರಿನ ಜಾಗ

ಊರಿನ ಗಿಡಮರ, ಜೀವಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಟ್ಟಿದ್ದ ಗಡುವು 2020ರ ಜನವರಿ 31. ಮಾಗಡಿ ತಾಲ್ಲೂಕು ತಿಪ್ಪಸಂದ್ರ ಹೋಬಳಿಯ ನಮ್ಮ ಊರಲ್ಲಿ ಕೆಲಸ ಶುರುವಾದದ್ದೇ ಡಿಸೆಂಬರಿನಲ್ಲಿ. ಮೇಷ್ಟ್ರು ಎಂದು ಅದಕ್ಕೆ ಊರಿನ ನಕ್ಷೆ ಬರೆಸುವ ಹೊಣೆ ನನ್ನ ತಲೆಗೆ ಬಂತು.

ಗುಡಿಯ ಮುಂದೆ ರಂಗೋಲಿ ಪುಡಿಯಲ್ಲಿ ಹೆಂಗಸರು ಕೆರೆ, ಗುಂಡುತೋಪು, ಗೋಕಟ್ಟೆ ಎಲ್ಲ ಬಿಡಿಸಿದರು. ಸರ್ವೆ ನಕ್ಷೆಯಲ್ಲಿ ಬರೀ ಖರಾಬು ಎಂದಿರುವ ಬಂಡೆಗೆ ಅವರ ಬಾಯಲ್ಲಿ ನಾಲ್ಕು ಹೆಸರು. ಮೇಕೆ ಮೇಯಿಸುವ ಅಜ್ಜ, ಬಂಡೆಯ ಹಿಂದಿನ ಇಳಿಜಾರಲ್ಲಿ ಮಾಕಳಿ ಬಳ್ಳಿ ಎಲ್ಲೆಲ್ಲಿದೆ ಎಂದು ಬೆರಳಿಟ್ಟು ತೋರಿಸಿದರು. ತೋರಿಸಿದವರೇ, "ಇದನ್ನ ಗೋಡೆ ಮ್ಯಾಲೆ ಬರೀಬ್ಯಾಡಿ ಮೇಷ್ಟ್ರೇ" ಅಂದರು.

ನಾನು ಕೇಳಲಿಲ್ಲ. ಬೇರೆ ಊರಿನ ಪಟ್ಟಿಯನ್ನೇ ನಕಲು ಮಾಡಿ ಮುಗಿಸಿ ಎಂದು ಅವಸರಿಸುತ್ತಿದ್ದ ಅಧಿಕಾರಿಗೆ, ನಮ್ಮೂರಿನದು ಎಷ್ಟು ಪಕ್ಕಾ ಎಂದು ತೋರಿಸುವ ಹಟ ನನಗೆ. ಪಂಚಾಯಿತಿ ಗೋಡೆಯ ಮೇಲೆ ಮಾಕಳಿಯ ಜಾಗವನ್ನೂ ಹಸಿರು ಬಣ್ಣದಲ್ಲಿ ಬರೆಸಿದೆ.

ಶಿವರಾತ್ರಿ ಕಳೆದ ವಾರ ಅಜ್ಜ ಬೆಳಗ್ಗೆಯೇ ಬಂದು "ಬನ್ನಿ" ಎಂದಷ್ಟೇ ಹೇಳಿ ಮುಂದೆ ನಡೆದರು. ಇಳಿಜಾರಿನ ತುಂಬ ಗುಂಡಿ. ಬಂಡೆಯ ಸಂದಿಗೆ ಹಾರೆ ಹಾಕಿ ಮೀಟಿದ ಗುರುತು. ಬಳ್ಳಿಗಳು ಬುಡವಿಲ್ಲದೆ ಕಾರೆ ಗಿಡಗಳ ಮೇಲೆ ನೇತಾಡುತ್ತಿದ್ದವು. ಅಗೆದ ಮಣ್ಣಿನಿಂದ, ನಮ್ಮ ಅಮ್ಮ ಮಜ್ಜಿಗೆಯಲ್ಲಿ ನೆನೆಹಾಕುತ್ತಿದ್ದ ಮಾಕಳಿ ಬೇರಿನ ಉಪ್ಪಿನಕಾಯಿಯ ಅದೇ ಘಮ. ಎಣಿಸಿದೆ, 19 ಗುಂಡಿ. ಅಜ್ಜ ಒಂದು ಬಳ್ಳಿಯಿಂದ ಎರಡೇ ಬೇರು ಬಿಡಿಸಿಕೊಂಡು, ಉಳಿದದ್ದಕ್ಕೆ ಮಣ್ಣು ಮುಚ್ಚಿ ಬರುತ್ತಿದ್ದರಂತೆ. ಇಲ್ಲಿ ಯಾರೋ ಬುಡಸಮೇತ ಕಿತ್ತಿದ್ದರು. ಅಜ್ಜ ನನ್ನನ್ನು ಬೈಯಲಿಲ್ಲ. ಕಾಲಲ್ಲಿ ಗುಂಡಿಗೆ ಮಣ್ಣು ತಳ್ಳುತ್ತ ಹೋದರು. ನಾನೂ ತಳ್ಳಿದೆ. ಬೈದಿದ್ದರೆ ಒಳ್ಳೆಯದಿತ್ತು.

ಆ ಅಧಿಕಾರಿಯ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಬಣ್ಣ ಹಾಕಿಸಿದವನು ನಾನು. 2002ರ ಜೀವವೈವಿಧ್ಯ ಕಾಯ್ದೆಯಂತೆ ಈ ದಾಖಲಾತಿ ಮಾಡಬೇಕಾದದ್ದು ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿ; ಆಗಿನ ನಿಯಮದ ಪ್ರಕಾರ ಅದರಲ್ಲಿ ಅಧ್ಯಕ್ಷರ ಜೊತೆ ಆರು ಜನರವರೆಗೆ, ಅವರಲ್ಲಿ ಕಡಿಮೆಯೆಂದರೂ ಮೂರರಲ್ಲಿ ಒಂದು ಪಾಲು ಹೆಂಗಸರು ಇರಬೇಕಿತ್ತು. ನಮ್ಮ ಸಮಿತಿಯಲ್ಲಿ ಕುರಿ ಮೇಕೆ ಮೇಯಿಸುವವರು ಒಬ್ಬರೂ ಇರಲಿಲ್ಲ. ಅವರಿದ್ದಿದ್ದರೆ ಗೋಡೆ ಮೇಲೆ ಬೇಡವೆಂದ ಆ ಮಾತು ಗುಡಿ ಅಂಗಳದಲ್ಲೇ ಉಳಿಯದೆ ಸಭೆಯ ನಡಾವಳಿಗೆ ಬರುತ್ತಿತ್ತು.

ನಕ್ಷೆಗೆ ಕೂರುವವರು ಕೆರೆ, ತೋಪು, ಕಲ್ಯಾಣಿ, ಗೋಮಾಳಗಳನ್ನು ದೊಡ್ಡದಾಗಿಯೇ ಬರೆಯಿರಿ, ಒತ್ತುವರಿ ಮಾಡುವವರ ಕಣ್ಣಿಗೆ ಅದು ಬೀಳಬೇಕು. ಬೇರು, ಜೇನು, ಹಕ್ಕಿ ಗೂಡು ಇರುವ ಜಾಗ ಮಾತ್ರ ಬೇಡ. ಊರಲ್ಲಿ ಇದೆ ಎಂದರೆ ಸಾಕು. ಬೇಡ ಅಂದವರ ಮಾತನ್ನು ಮೊದಲು ಬರೆದುಕೊಳ್ಳಿ.

ಗೋಡೆಯ ಆ ಹಸಿರು ಗುರುತಿಗೆ ಸುಣ್ಣ ಬಳಿಸಿದ್ದೇನೆ. ಅಜ್ಜ ಆಮೇಲೆ ಯಾವ ಸಭೆಗೂ ಬಂದಿಲ್ಲ.