ಮಾಡೆಲ್ 100 ರಿಪೇರಿಗೆ ಕೂರುವವರು ಮಾಡಬೇಕಾದ್ದು, ಮಾಡಬಾರದ್ದು

ಟಿಆರ್‌ಎಸ್-80 ಮಾಡೆಲ್ 100 ಕಂಪ್ಯೂಟರನ್ನು ಬಿಚ್ಚಲು ಹೊರಟ ಎಲ್ಲರಿಗೂ ಈ ಸೂಚನೆ ಅನ್ವಯಿಸುತ್ತದೆ, ಕೈ ಪಳಗಿದವರಿಗೂ. 1983ರಲ್ಲಿ ಅಮೆರಿಕದ ರೇಡಿಯೋ ಶ್ಯಾಕ್ ಅಂಗಡಿಗಳಿಗೆ ಬಂದ ಈ ಯಂತ್ರವನ್ನು ತಯಾರಿಸಿದ್ದು ಜಪಾನಿನ ಕ್ಯೋಸೆರಾ ಕಂಪನಿ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಸುಮಾರು 20 ಗಂಟೆ ಓಡುತ್ತಿತ್ತು. ಊರೂರು ತಿರುಗುವ ಪತ್ರಿಕಾ ವರದಿಗಾರರು ತೊಡೆಯ ಮೇಲಿಟ್ಟುಕೊಂಡು ಸುದ್ದಿ ಬರೆದು, ಫೋನಿನ ಮೂಲಕವೇ ಕಚೇರಿಗೆ ಕಳಿಸುತ್ತಿದ್ದರು. ಒಳಗಿನ ಪ್ರೋಗ್ರಾಮಿನ ದೊಡ್ಡ ಪಾಲನ್ನು ಬಿಲ್ ಗೇಟ್ಸ್, ಸುಝುಕಿ ಎಂಬ ಸಹೋದ್ಯೋಗಿಯ ಜೊತೆ ಕೂತು ತಾವೇ ಬರೆದರು. ಇದರ ಬೋರ್ಡು, ಪರದೆ ಹೊಸದಾಗಿ ಎಲ್ಲೂ ತಯಾರಾಗುವುದಿಲ್ಲ. ಅವಸರದಲ್ಲಿ ಕೆಡಿಸಿದ್ದು ಕೆಟ್ಟಂತೆಯೇ ಉಳಿಯುತ್ತದೆ. ಆದ್ದರಿಂದ ಮುಂದಿನದನ್ನು ಕಟ್ಟಪ್ಪಣೆ ಎಂದೇ ತಿಳಿಯಿರಿ.

ಕರೆಂಟು ಕೊಡುವ ಮುನ್ನ

ಯಂತ್ರ ಕೈಗೆ ಬಂದ ಕೂಡಲೇ ಸೆಲ್ ಹಾಕಿ ಆನ್ ಮಾಡಬೇಡಿ. ಮೊದಲು ತಳದ ಸೆಲ್ ಮುಚ್ಚಳ ತೆಗೆದು ಒಳಗೆ ನೋಡಿ. ಹಳೆಯ ಸೆಲ್ ಅಲ್ಲೇ ಉಳಿದು ಸೋರಿದ್ದರೆ ಸ್ಪ್ರಿಂಗಿನ ಬುಡದಲ್ಲಿ ಬಿಳಿ ಹಿಟ್ಟು, ತಗಡಿನ ಮೇಲೆ ಹಸಿರು ಕಿಲುಬು ಕಾಣುತ್ತದೆ. ಹತ್ತಿಕಡ್ಡಿಯನ್ನು ಬಿಳಿ ವಿನೆಗರಿನಲ್ಲಿ ಅದ್ದಿ ಒರೆಸಿ. ಆಮೇಲೆ ಡಿಸ್ಟಿಲ್ಡ್ ವಾಟರಿನಿಂದ ಒರೆಸಿ ಹುಳಿಯ ಅಂಶ ತೆಗೆಯಿರಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಣಗಲು ಬಿಡಿ. ಅಡಿಗೆ ಸೋಡಾ ಹಾಕಲೇಬೇಡಿ. ಕಾರಿನ ಬ್ಯಾಟರಿ ಸೋರಿದಾಗ ಸೋಡಾ ಹಾಕುವುದನ್ನು ಕಂಡವರು ಇಲ್ಲೂ ಅದನ್ನೇ ಮಾಡುತ್ತಾರೆ. ಕಾರಿನ ಬ್ಯಾಟರಿಯಲ್ಲಿರುವುದು ಆಮ್ಲ. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಕ್ಷಾರ. ಕ್ಷಾರದ ಮೇಲೆ ಸೋಡಾ ಸುರಿದರೆ ಏನೂ ಉಪಯೋಗವಿಲ್ಲ.

ಕೈಗೆ ಸಿಕ್ಕ ಅಡಾಪ್ಟರು ಚುಚ್ಚಬೇಡಿ. ಇದಕ್ಕೆ ಬೇಕಾದ್ದು 6 ವೋಲ್ಟ್ ಡಿಸಿ, ಅದೂ ಪ್ಲಗ್ಗಿನ ನಡುಭಾಗ ನೆಗೆಟಿವ್ ಇರುವಂಥದ್ದು. ಇಂದು ಅಂಗಡಿಯಲ್ಲಿ ಸಿಗುವ ಬಹುತೇಕ ಅಡಾಪ್ಟರುಗಳಲ್ಲಿ ನಡುಭಾಗ ಪಾಸಿಟಿವ್. ಅಮೆರಿಕದಲ್ಲಿರುವ ನೆಂಟರೋ ಗೆಳೆಯರೋ ತಂದುಕೊಟ್ಟ ಯಂತ್ರವಾದರೆ ಇನ್ನೊಂದು ಅಪಾಯವಿದೆ: ಅದರ ಜೊತೆಗೆ ಬರುವ ಮೂಲ ಅಡಾಪ್ಟರು 120 ವೋಲ್ಟಿನದು. ನಮ್ಮ ಮನೆಯ 230 ವೋಲ್ಟಿಗೆ ಅದನ್ನು ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ಪರೀಕ್ಷೆಗೆ ನಾಲ್ಕು ಹೊಸ ಪೆನ್ಸಿಲ್ ಸೆಲ್ ಸಾಕು. ಅಡಾಪ್ಟರಿನ ಗೊಡವೆಯೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

"ಸತ್ತಿದೆ" ಎನ್ನುವ ಮುನ್ನ

ತಳದಲ್ಲಿರುವ ಮೆಮೊರಿ ಪವರ್ ಸ್ವಿಚ್ ಆನ್ ಇದೆಯೇ ನೋಡಿ. ಅದು ಆಫ್ ಆಗಿದ್ದರೆ ಪಕ್ಕದ ಪವರ್ ಸ್ವಿಚ್ ಎಷ್ಟು ಸಲ ಒತ್ತಿದರೂ ಯಂತ್ರ ಏಳುವುದಿಲ್ಲ. ಕೆಟ್ಟಿದೆ ಎಂದು ಗುಜರಿ ಬೆಲೆಗೆ ಮಾರಾಟಕ್ಕಿಟ್ಟ ಯಂತ್ರಕ್ಕೆ ಈ ಒಂದು ಸ್ವಿಚ್ ಬಿಟ್ಟರೆ ಬೇರೆ ಕಾಯಿಲೆ ಇಲ್ಲದಿರಬಹುದು.

ಹತ್ತು ನಿಮಿಷ ಯಾವ ಕೀ ಒತ್ತದಿದ್ದರೆ ಇದು ತಾನಾಗಿ ಆಫ್ ಆಗುತ್ತದೆ. ಆಗ ಪವರ್ ಸ್ವಿಚ್ ಆನ್ ಕಡೆಗೇ ಇರುತ್ತದೆ, ಪರದೆ ಮಾತ್ರ ಖಾಲಿ. ಸ್ವಿಚ್ಚನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ. ದಿನಾಂಕದಲ್ಲಿ ವರ್ಷ 19 ಎಂದೇ ಶುರುವಾಗುವುದೂ ದೋಷವಲ್ಲ. ಆ ಎರಡು ಅಂಕಿ ರಾಮ್‌ನಲ್ಲಿಲ್ಲ, ತಯಾರಾಗುವಾಗಲೇ ರೋಮ್‌ನಲ್ಲಿ ಕೂತಿವೆ. ಅದನ್ನು ಸರಿಪಡಿಸಲು ಬೋರ್ಡಿಗೆ ಕೈ ಹಾಕಬೇಡಿ.

ಪರದೆ ಖಾಲಿ ಇದ್ದರೆ ಬಲಮಗ್ಗುಲಿನ ಡಿಸ್ಪ್ಲೇ ಗಾಲಿಯನ್ನು ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ತಿರುಗಿಸಿ. ಅಕ್ಷರ ಮೂಡದಿದ್ದರೂ ಯಂತ್ರ ಜೀವಂತ ಇರಬಹುದು. ಅದನ್ನು ಕಿವಿಯಿಂದ ಪತ್ತೆ ಮಾಡಿ. ಹಿಂಬದಿಯ ರಿಸೆಟ್ ಗುಂಡಿ ಒತ್ತಿ. ಯಂತ್ರ ಮೆನುವಿಗೆ ಬರುತ್ತದೆ, ಕರ್ಸರ್ ಬೇಸಿಕ್ ಮೇಲೆ ನಿಂತಿರುತ್ತದೆ. ಎಂಟರ್ ಒತ್ತಿ, ಕಾಣದಿದ್ದರೂ ಬಿ, ಇ, ಇ, ಪಿ ಎಂದು ಟೈಪ್ ಮಾಡಿ, ಮತ್ತೆ ಎಂಟರ್ ಒತ್ತಿ. ಸಣ್ಣಗೆ "ಕೀಂ" ಎಂದರೆ ಪ್ರೊಸೆಸರ್, ರೋಮ್, ಕೀಬೋರ್ಡ್ ಮೂರೂ ಸರಿಯಿವೆ. ದೋಷ ಪರದೆಯ ಕಡೆಗಿದೆ. ಈ ಪರೀಕ್ಷೆ ಮಾಡದೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ಕಂಟ್ರೋಲ್ ಮತ್ತು ಪಾಜ್ ಕೀಗಳನ್ನು ಅದುಮಿ ಹಿಡಿದು ರಿಸೆಟ್ ಒತ್ತುವ ಕ್ರಮವನ್ನು ಮೊದಲ ಮದ್ದಾಗಿ ಬಳಸಬೇಡಿ. ಅದು ಯಂತ್ರವನ್ನು ಹೊಸದರಂತೆ ಶುರು ಮಾಡುತ್ತದೆ ನಿಜ, ಜೊತೆಗೆ ಒಳಗಿದ್ದ ಎಲ್ಲ ಫೈಲುಗಳನ್ನೂ ಅಳಿಸಿಹಾಕುತ್ತದೆ.

ಒಳಗಿನ ಬರಹ ಮೊದಲು, ರಿಪೇರಿ ಆಮೇಲೆ

ಇದಕ್ಕೆ ಹಾರ್ಡ್ ಡಿಸ್ಕ್ ಇಲ್ಲ. ಬರೆದದ್ದೆಲ್ಲ ರಾಮ್‌ನಲ್ಲೇ ಇರುತ್ತದೆ. ಪೆನ್ಸಿಲ್ ಸೆಲ್ ತೆಗೆದಾಗ ಆ ರಾಮ್ ಅನ್ನು ಕಾಯುವುದು ಬೋರ್ಡಿಗೆ ಬೆಸೆದಿರುವ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಹೊಸದಿದ್ದಾಗ ಅದು 8ಕೆ ರಾಮ್ ಅನ್ನು ಸುಮಾರು 30 ದಿನ, 32ಕೆ ರಾಮ್ ಅನ್ನು ಸುಮಾರು 8 ದಿನ ಹಿಡಿದಿಡುತ್ತಿತ್ತು. ಹಾಗಾಗಿ ವರ್ಷಗಟ್ಟಲೆ ಅಟ್ಟದಲ್ಲಿದ್ದ ಯಂತ್ರದಲ್ಲಿ ಉಳಿಸಿಕೊಳ್ಳಲು ಏನೂ ಇರುವುದಿಲ್ಲ, ನೇರ ಬಿಚ್ಚಿ. ಆದರೆ ಯಾರೋ ಈಗಲೂ ಬಳಸುತ್ತಿರುವ ಯಂತ್ರ ರಿಪೇರಿಗೆ ಬಂದರೆ, ಅದರಲ್ಲಿ ಅವರ ಬರಹ ಇದ್ದೇ ಇರುತ್ತದೆ. ಅದು ಬೋರ್ಡಿಗಿಂತ ಬೆಲೆಯುಳ್ಳದ್ದು.

ಹಿಂಬದಿಯ 25 ಪಿನ್ನಿನ ಸೀರಿಯಲ್ ಪೋರ್ಟಿಗೆ ನಲ್ ಮೋಡೆಮ್ ಕೇಬಲ್ ಹಾಕಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ. ಟೆಲ್‌ಕಾಮ್ ಪ್ರೋಗ್ರಾಮಿನಲ್ಲಿ ಸ್ಟ್ಯಾಟ್ ಆಯ್ಕೆಗೆ 88ಎನ್1ಇ ಎಂದು ಕೊಡಿ. ಅಂದರೆ 9600 ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಆ ಕಡೆಯೂ ಇದೇ ಇರಬೇಕು. ಟರ್ಮ್ ಒಳಗೆ ಹೋಗಿ ಅಪ್ ಒತ್ತಿ ಫೈಲು ಕಳಿಸಿ. ಕಳಿಸಿದ ಮೇಲೆ ಆ ಕಡೆ ತೆರೆದು ಕೊನೆಯ ಸಾಲಿನವರೆಗೆ ಓದಿ ನೋಡಿ. "ಹೋಗಿರಬೇಕು" ಎಂದುಕೊಂಡು ಮುಂದುವರಿಯಬೇಡಿ.

ಬಿಚ್ಚುವಾಗ

ಸೆಲ್ ತೆಗೆಯಿರಿ, ಮೆಮೊರಿ ಸ್ವಿಚ್ ಆಫ್ ಮಾಡಿ, ಆಮೇಲೆ ತಳದ ನಾಲ್ಕು ಸ್ಕ್ರೂ ಬಿಚ್ಚಿ. ಮೇಲಿನ ಅರ್ಧದಲ್ಲಿ ಪರದೆ, ಕೀಬೋರ್ಡು, ಕೆಳಗಿನ ಅರ್ಧದಲ್ಲಿ ಮುಖ್ಯ ಬೋರ್ಡು, ನಡುವೆ ಕೇಬಲ್‌ಗಳು. ಮೇಲಿನ ಅರ್ಧವನ್ನು ಒಮ್ಮೆಲೇ ಎತ್ತಬೇಡಿ. ಸ್ವಲ್ಪವೇ ಎತ್ತಿ, ಕೇಬಲ್ ಯಾವ ಕಡೆಯಿಂದ ಹಿಡಿದಿದೆ ಎಂದು ನೋಡಿಕೊಂಡು ತೆರೆಯಿರಿ. ಕನೆಕ್ಟರನ್ನು ಅದರ ಮೈ ಹಿಡಿದು ತೆಗೆಯಿರಿ, ತಂತಿ ಹಿಡಿದು ಎಳೆಯಬೇಡಿ. ಒಳಗಿನ ಬಹುತೇಕ ಚಿಪ್ಪುಗಳು ಸಿಮಾಸ್ ಜಾತಿಯವು, 80ಸಿ85 ಪ್ರೊಸೆಸರ್ ಸೇರಿದಂತೆ. ಮೈಮೇಲಿನ ಸ್ಥಿರ ವಿದ್ಯುತ್ತು ತಗುಲಿದರೆ ಸದ್ದಿಲ್ಲದೆ ಸಾಯುತ್ತವೆ. ಕೈಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಳ್ಳಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಬೋರ್ಡಿನ ಬ್ಯಾಟರಿ

ತೆರೆದ ಕೂಡಲೇ ಕಣ್ಣು ಮೊದಲು ಹೋಗಬೇಕಾದ್ದು ಆ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಕಡೆಗೆ. ಬ್ಯಾಟರಿಯ ತುದಿಯ ತಗಡು ಮಂಕಾಗಿದೆಯೇ, ಕಾಲಿನ ಬುಡದಲ್ಲಿ ಉಪ್ಪಿನಂಥ ಹರಳು ಕೂತಿದೆಯೇ, ಅಲ್ಲಿಂದ ಹೊರಟ ತಾಮ್ರದ ಗೆರೆಗಳ ಬಣ್ಣ ಕಪ್ಪಾಗಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಸೋರಿದ ಕ್ಷಾರ ಹಸಿರು ಲೇಪದ ಅಡಿಗೆ ನುಸುಳಿ, ಗೆರೆಯ ಉದ್ದಕ್ಕೂ ತಿನ್ನುತ್ತಾ ಹೋಗುತ್ತದೆ. ಮೇಲ್ನೋಟಕ್ಕೆ ಗೆರೆ ಇದ್ದಂತೆ ಕಂಡರೂ ಮಲ್ಟಿಮೀಟರ್ ಇಟ್ಟರೆ ಸಂಪರ್ಕ ಕಡಿದಿರುತ್ತದೆ. ಸುತ್ತಲಿನ ಪ್ರತಿ ಗೆರೆಯನ್ನೂ ತುದಿಯಿಂದ ತುದಿಗೆ ಅಳೆಯಿರಿ.

ಸೋರಿರಲಿ, ಸೋರದಿರಲಿ, ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಇದರಲ್ಲಿ ಚೌಕಾಸಿ ಇಲ್ಲ. ಜಾಗವನ್ನು ವಿನೆಗರ್, ಡಿಸ್ಟಿಲ್ಡ್ ವಾಟರ್, ಆಲ್ಕೋಹಾಲ್ ಕ್ರಮದಲ್ಲಿ ಶುಚಿ ಮಾಡಿ. ಅದಿಲ್ಲದೆಯೂ ಯಂತ್ರ ಪೆನ್ಸಿಲ್ ಸೆಲ್ಲಿನಲ್ಲಿ ಚೆನ್ನಾಗಿ ಓಡುತ್ತದೆ. ಸೆಲ್ ಬದಲಿಸುವಾಗ ಫೈಲು ಹೋಗುತ್ತದೆ, ಅಷ್ಟೇ. ಬೇಕೇ ಬೇಕೆಂದರೆ 3.6 ವೋಲ್ಟಿನ ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ ಹಾಕಿ. ರೀಚಾರ್ಜ್ ಆಗದ ಲಿಥಿಯಂ ಸೆಲ್ಲನ್ನು ಆ ಜಾಗಕ್ಕೆ ನೇರವಾಗಿ ಬೆಸೆಯಲೇಬೇಡಿ. ಯಂತ್ರ ಆ ಎರಡು ಕಾಲುಗಳಿಗೆ ಸದಾ ಚಾರ್ಜ್ ಕಳಿಸುತ್ತಿರುತ್ತದೆ. ಚಾರ್ಜ್ ಮಾಡಬಾರದ ಲಿಥಿಯಂ ಸೆಲ್ಲಿಗೆ ಚಾರ್ಜ್ ಹೋದರೆ ಊದಿ ಸಿಡಿಯಬಹುದು.

ತೆಗೆದ ಬ್ಯಾಟರಿಯನ್ನು ಮನೆ ಕಸಕ್ಕೆ ಎಸೆಯಬೇಡಿ. ಕ್ಯಾಡ್ಮಿಯಂ ವಿಷ. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರವೂ ಬ್ಯಾಟರಿಯನ್ನು ಬೇರೆಯಾಗಿಯೇ ಕೊಡಬೇಕು.

ಕೆಪಾಸಿಟರುಗಳು

"ಕೆಲಸ ಮಾಡುತ್ತಿದೆಯಲ್ಲ, ಕೆಪಾಸಿಟರ್ ಯಾಕೆ ಬದಲಿಸಬೇಕು?" ಎಂಬ ವಾದ ಬೇಡ. ಈ ಮಾಡೆಲ್ಲಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳು ಓಡುವ ಯಂತ್ರದಲ್ಲೂ ಸೋರುತ್ತವೆ. ಬುಡದಲ್ಲಿ ಕಂದು ಉಂಗುರ, ಮಂಕಾದ ಸೋಲ್ಡರ್, ಐರನ್ ಮುಟ್ಟಿಸಿದಾಗ ಮೀನಿನ ವಾಸನೆ: ಇವು ಸೋರಿಕೆಯ ಗುರುತು. ಗುರುತು ಕಾಣದಿದ್ದರೂ ಎಲ್ಲವನ್ನೂ ಬದಲಿಸಿ, ಪರದೆಯ ಬೋರ್ಡಿನಲ್ಲಿರುವುದನ್ನೂ ಮರೆಯಬೇಡಿ. ಇವು ದುರ್ಬಲವಾದರೆ ಮೊದಲು ಕುಸಿಯುವುದು ಪ್ಲಸ್ 5 ಮತ್ತು ಮೈನಸ್ 5 ವೋಲ್ಟ್ ಕೊಡುವ ಪರಿವರ್ತಕ. ಪರದೆಗೆ ಮೈನಸ್ 5 ಬೇಕೇ ಬೇಕು. ಬೀಪ್ ಕೇಳಿಸಿಯೂ ಪರದೆ ಖಾಲಿ ಉಳಿದರೆ ಮೊದಲು ಅಳೆಯಬೇಕಾದ್ದು ಅದನ್ನೇ.

ಎಲ್ಲ ಕೆಪಾಸಿಟರುಗಳನ್ನು ಒಟ್ಟಿಗೆ ಕಿತ್ತು ರಾಶಿ ಹಾಕಬೇಡಿ. ಒಂದನ್ನು ತೆಗೆಯಿರಿ, ಅದರ ಜಾಗಕ್ಕೆ ಹೊಸದನ್ನು ಹಾಕಿ, ಆಮೇಲೆ ಮುಂದಿನದು. ಇಕ್ಕಳದಲ್ಲಿ ಹಿಡಿದು ತಿರುಚಿ ಕೀಳುವ ವಿಧಾನವನ್ನು ಇಲ್ಲಿ ಬಳಸಬಾರದು. ಕ್ಷಾರ ಕುಡಿದ ಬೋರ್ಡಿನಲ್ಲಿ ತಾಮ್ರದ ಪ್ಯಾಡು ಮೊದಲೇ ಸಡಿಲವಾಗಿರುತ್ತದೆ, ತಿರುಚಿದರೆ ಕಾಲಿನ ಜೊತೆಗೇ ಎದ್ದುಬರುತ್ತದೆ. ಹಳೆಯ ಬೆಸುಗೆಗೆ ಮೊದಲು ಸ್ವಲ್ಪ ಫ್ಲಕ್ಸ್, ಸ್ವಲ್ಪ ಹೊಸ ಸೋಲ್ಡರ್ ಕೊಟ್ಟು ಕರಗಿಸಿ. ಕಾಲು ತಾನಾಗಿ ಅಲುಗಾಡಿದಾಗ ಮಾತ್ರ ಎಳೆಯಿರಿ. ಅಲುಗದಿದ್ದರೆ ಶಾಖ ಸಾಲದು ಎಂದು ತಿಳಿಯಿರಿ, ಬಲ ಹಾಕಬೇಡಿ. ತೆಗೆದ ಜಾಗವನ್ನು ಒರೆಸಿದ ಮೇಲಷ್ಟೇ ಹೊಸದು ಕೂರಬೇಕು. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿಯದ್ದೇ ತನ್ನಿ. ನೆಗೆಟಿವ್ ಪಟ್ಟಿ ಯಾವ ಕಡೆಗಿತ್ತು ಎಂದು ಫೋಟೋ ನೋಡಿ ಹಾಕಿ, ನೆನಪನ್ನು ನಂಬಬೇಡಿ.

ಉಳಿದವು

ತಳದ ಆಪ್ಷನ್ ರೋಮ್ ಗೂಡಿಗೆ ಸಾಮಾನ್ಯ 27ಸಿ256 ಚಿಪ್ ಹಾಕಬೇಡಿ. ಅಲ್ಲಿನ ಪಿನ್ನುಗಳ ಜೋಡಣೆಯೇ ಬೇರೆ. ಹೊಂದಿಕೆಯ ಬೋರ್ಡಿನ ಮೇಲೆ ಕೂರಿಸಿದ್ದು ಮಾತ್ರ ಅಲ್ಲಿಗೆ ಸಲ್ಲುತ್ತದೆ. ಪರದೆಯ ಮುಖವನ್ನು ಒದ್ದೆ ಮೆದುಬಟ್ಟೆಯಿಂದ ಒರೆಸಿ, ಆಲ್ಕೋಹಾಲ್ ತಾಕಿಸಬೇಡಿ. ಅಂಟಿಕೊಳ್ಳುವ ಕೀಗಳಿಗೆ ಎಣ್ಣೆ ಬಿಡಬೇಡಿ. ಎಣ್ಣೆಗೆ ದೂಳು ಕೂತು ಇನ್ನಷ್ಟು ಬಿಗಿಯುತ್ತದೆ. ಹಳದಿ ತಿರುಗಿದ ಪ್ಲಾಸ್ಟಿಕ್ಕನ್ನು ಬೆಳ್ಳಗೆ ಮಾಡುವ ಉಸಾಬರಿಗೆ ನಾನಂತೂ ಒಪ್ಪುವುದಿಲ್ಲ. ಪೆರಾಕ್ಸೈಡ್ ಕೆಲಸದಲ್ಲಿ ಬಣ್ಣ ಪಟ್ಟೆಪಟ್ಟೆಯಾದರೆ ಹಿಂದಕ್ಕೆ ತರಲಾಗದು.

ಸ್ಕ್ರೂಗಳನ್ನು ಕೈಯಿಂದಲೇ ಬಿಗಿಮಾಡಿ, ಮೋಟಾರ್ ಡ್ರೈವರ್ ಬೇಡ. ಕೂಡಿಸಿದ ಮೇಲೆ ಈಗ ಕಂಟ್ರೋಲ್, ಪಾಜ್, ರಿಸೆಟ್ ಒತ್ತಬಹುದು; ಮೆನುವಿನಲ್ಲಿ ಜನವರಿ 1, 1900 ಎಂದು ಮೂಡಬೇಕು. ಅರ್ಧ ಗಂಟೆ ಓಡಿಸಿ, ಪ್ರತಿ ಕೀ ಒತ್ತಿ ನೋಡಿ, ಮತ್ತೆ ವೋಲ್ಟೇಜ್ ಅಳೆಯಿರಿ. ಲೋ ಬ್ಯಾಟರಿ ಕೆಂಪು ದೀಪ ಹತ್ತಿದರೆ ಸುಮಾರು 20 ನಿಮಿಷ ಉಳಿದಿದೆ ಎಂದರ್ಥ, ಅಷ್ಟರೊಳಗೆ ಕೆಲಸ ಉಳಿಸಿ. ವಾರಗಟ್ಟಲೆ ಬಳಸದೆ ಇಡುವುದಾದರೆ ಸೆಲ್ ಒಳಗೆ ಬಿಡಬೇಡಿ, ಮೆಮೊರಿ ಸ್ವಿಚ್ ಆಫ್ ಮಾಡಿ. ಏನೇನು ಬದಲಿಸಿದಿರಿ, ಯಾವ ದಿನಾಂಕ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸೆಲ್ ಗೂಡಿನೊಳಗೆ ಇಟ್ಟು ಮುಚ್ಚಳ ಹಾಕಿ.