ತೋಟದಿಂದ ಪೇಟೆಗೆ: ವಾಹನ ನಡೆಸುವಾಗ ಬಿಡಬೇಕಾದ ರೂಢಿಗಳು



ಗೊನೆ ಕೊಯ್ಲು ಆರಂಭವಾಯಿತೆಂದರೆ ನಮ್ಮ ಟ್ರ್ಯಾಕ್ಟರು, ಟಂಟಂ, ಬೈಕುಗಳಿಗೆ ಬಿಡುವಿರುವುದಿಲ್ಲ. ಆಳುಗಳನ್ನು ಕರೆತರುವುದು, ಹಸಿ ಅಡಿಕೆ ಸಾಗಿಸುವುದು, ಒಣ ಮಾಲನ್ನು ಪೇಟೆಗೆ ಒಯ್ಯುವುದು, ಎಲ್ಲವೂ ರಸ್ತೆಯ ಮೇಲೆಯೇ. ಕೊಳೆರೋಗ ಬರುವ ಮೊದಲೇ ನಾವು ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಅಪಘಾತಕ್ಕೂ ಅಂಥದೇ ಮುಂಜಾಗ್ರತೆ ಬೇಕು. ಹಣೆಬರಹವೆಂದು ನಾವು ಸುಮ್ಮನಾಗುವ ಎಷ್ಟೋ ಅಪಘಾತಗಳ ಹಿಂದೆ ದಿನವೂ ನಡೆಸಿಕೊಂಡು ಬಂದ ತಪ್ಪು ರೂಢಿಯೊಂದು ಇರುತ್ತದೆ. ಅಂಥ ಕೆಲವು ರೂಢಿಗಳನ್ನು ಇಲ್ಲಿ ವಿಚಾರ ಮಾಡೋಣ.

1. ಕತ್ತಲಲ್ಲಿ ರಸ್ತೆಯ ಮೇಲೆ ವಾಹನ ನಿಲ್ಲಿಸುವುದು

2024ರ ಜೂನ್ 28ರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರೊಂದು ಹಿಂದಿನಿಂದ ಗುದ್ದಿತು. ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಗೆ ಮರಳುತ್ತಿದ್ದವರಲ್ಲಿ 13 ಮಂದಿ ತೀರಿಕೊಂಡರು.

ನಿಂತ ವಾಹನ ಏಕೆ ಅಷ್ಟು ಅಪಾಯಕಾರಿ? ಲೆಕ್ಕ ಹಾಕಿ ನೋಡಿರಿ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು. ಆಮೇಲೆ ಒಣ ರಸ್ತೆಯಲ್ಲೂ ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. ಒಟ್ಟು 57 ಮೀಟರ್. ತಗ್ಗಿಸಿದ ದೀಪದ ಬೆಳಕಾದರೋ ಸುಮಾರು 40 ಮೀಟರಿನಾಚೆ ಸರಿಯಾಗಿ ಕಾಣಿಸದು. ಅಂದರೆ ಕಂಡಾಗಲೇ ಹೊತ್ತು ಮೀರಿರುತ್ತದೆ. ನಡೆಸುವವನ ಕಣ್ಣಿಗೆ ನಿದ್ದೆ ಹತ್ತಿದ್ದರಂತೂ ಹೇಳುವುದೇ ಬೇಡ.

ಆದ್ದರಿಂದ ರಾತ್ರಿ ವೇಗವನ್ನು ದೀಪದ ಬೆಳಕಿನ ಅಳತೆಗೆ ಇಳಿಸಬೇಕು. ಕಣ್ಣು ಎಳೆದರೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ಮಲಗಬೇಕು. ಕೆಟ್ಟು ನಿಂತ ಟ್ರೇಲರನ್ನು ರಸ್ತೆಯಲ್ಲೇ ಬಿಟ್ಟು ಊಟಕ್ಕೆ ಹೋಗಬಾರದು. ಟ್ರೇಲರಿನ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸುವುದಕ್ಕೆ ತಗಲುವ ಖರ್ಚು ಅತ್ಯಲ್ಪ. ರಸ್ತೆಯನ್ನೇ ಕಣ ಮಾಡಿ ಜೋಳ ಹರವುವುದು, ಸುತ್ತ ಕಲ್ಲಿಡುವುದು, ಇವೂ ಇದೇ ಜಾತಿಯ ತಪ್ಪು. ಬೈಕಿನವನಿಗೆ ರಾತ್ರಿ ಆ ಕಲ್ಲು ಕಾಣುವುದಿಲ್ಲ.

2. ಮಾಲಿನ ಮೇಲೆ ಮಂದಿಯನ್ನು ಕೂರಿಸುವುದು

2025ರ ಜನವರಿ 22ರ ನಸುಕಿನಲ್ಲಿ ನಮ್ಮ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಒಯ್ಯುತ್ತಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಕಮರಿಗೆ ಉರುಳಿತು. ಅದರಲ್ಲಿ ಕುಳಿತಿದ್ದ ವ್ಯಾಪಾರಿಗಳಲ್ಲಿ 10 ಮಂದಿ ಸತ್ತರು. ಮಾಲಿನ ಮೇಲೆ ಕುಳಿತವನಿಗೆ ಹಿಡಿದುಕೊಳ್ಳಲು ಆಧಾರವಿಲ್ಲ. ವಾಹನ ಮಗುಚಿದರೆ ಅವನ ಮೇಲೆ ಮಾಲೂ ಬೀಳುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿಯದು. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ಕಾನೂನಿನ ರಕ್ಷಣೆಯುಂಟು. ಆದರೆ ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡವರ ಪರಿಹಾರದ ಹೊಣೆ ವಿಮಾ ಕಂಪನಿಗೆ ಇಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತಿದೆ. ಆ ಭಾರ ವಾಹನದ ಒಡೆಯನ ತಲೆಗೇ ಬರಬಹುದು. ಒಂದು ದಿನದ ಬಾಡಿಗೆ ಉಳಿಸಲು ಹೋಗಿ ತೋಟವನ್ನೇ ಮಾರುವ ಪ್ರಸಂಗ ಯಾರಿಗೂ ಬೇಡ.

3. ಹೊಲದ ಟ್ರ್ಯಾಕ್ಟರನ್ನು ಹಾಗೆಯೇ ರಸ್ತೆಗೆ ತರುವುದು

ಹೊಲದಲ್ಲಿ ತಿರುಗಿಸುವ ಅನುಕೂಲಕ್ಕೆಂದು ಟ್ರ್ಯಾಕ್ಟರಿಗೆ ಎಡ ಬಲ ಎರಡು ಬ್ರೇಕ್ ಪೆಡಲ್ಲುಗಳಿವೆ. ರಸ್ತೆಗೆ ಬರುವ ಮೊದಲು ಕೊಂಡಿ ಹಾಕಿ ಎರಡನ್ನೂ ಜೋಡಿಸಲೇಬೇಕು. ಮರೆತು ಒಂದನ್ನೇ ತುಳಿದರೆ ಒಂದು ಬದಿಯ ಗಾಲಿ ಮಾತ್ರ ನಿಂತು ಟ್ರ್ಯಾಕ್ಟರು ಎಳೆದುಕೊಂಡು ಹೋಗಿ ಮಗುಚುತ್ತದೆ. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬಾರದು. ತುಂಬಿದ ಟ್ರೇಲರು ಹಿಂದಿನಿಂದ ನೂಕುವಾಗ ಗೇರಿನ ಹಿಡಿತವೇ ಆಸರೆ. ಮಲೆನಾಡಿನ ಕಾಫಿ ಬೆಳೆಗಾರರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

4. ಪೇಟೆಯಿಂದ ಮರಳುವಾಗಿನ ಅಲಕ್ಷ್ಯ

ಮಾಲು ಮಾರಿ ಕೈಯಲ್ಲಿ ಹಣವಿದ್ದಾಗ ಕುಡಿದು ಬೈಕು ಹತ್ತುವವರುಂಟು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಕಾನೂನಿನ ಪ್ರಕಾರ ಅಪರಾಧ. ಹೆಲ್ಮೆಟನ್ನು ಟ್ಯಾಂಕಿನ ಮೇಲಿಟ್ಟರೆ ತಲೆ ಉಳಿಯದು. ಹಿಂದೆ ಕುಳಿತ ಮನೆಯಾಕೆಗೂ ಹೆಲ್ಮೆಟ್ ಬೇಕು. ಊರ ರಸ್ತೆಯಿಂದ ಹೆದ್ದಾರಿಗೆ ಸೇರುವಾಗ ಪೂರ್ತಿ ನಿಂತು ಎರಡೂ ಕಡೆ ನೋಡಬೇಕು. ಹತ್ತಿರವೆಂದು ಎದುರು ದಿಕ್ಕಿನಲ್ಲಿ ನುಗ್ಗಬಾರದು.

ಅಪಘಾತ ಕಂಡರೆ 108ಕ್ಕೆ, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೂ ಕರೆ ಮಾಡಿರಿ. ಗಾಯಾಳುವಿಗೆ ಸದ್ಭಾವದಿಂದ ನೆರವಾದವರಿಗೆ 2019ರ ತಿದ್ದುಪಡಿಯಲ್ಲಿ ಕಾನೂನಿನ ರಕ್ಷಣೆ ದೊರೆತಿದೆ. ಹೆದರಿ ದೂರ ನಿಲ್ಲುವ ಕಾರಣವಿಲ್ಲ.

ಮನೆಯಲ್ಲಿ ಕುಳಿತು ವಿಚಾರಿಸಲು:

ಅ) ನಮ್ಮ ಟ್ರೇಲರು ರಾತ್ರಿ ಹಿಂದಿನಿಂದ ಬರುವವನಿಗೆ ಎಷ್ಟು ದೂರದಿಂದ ಕಾಣುತ್ತದೆ?
ಆ) ಬ್ರೇಕ್ ಪೆಡಲ್ಲಿನ ಕೊಂಡಿ ಇದೆಯೇ? ನಡೆಸುವ ಹುಡುಗನಿಗೆ ಅದರ ಉಪಯೋಗ ಗೊತ್ತೇ? ಅವನಿಗೆ ಲೈಸೆನ್ಸ್ ಇದೆಯೇ?
ಇ) ಈ ಕೊಯ್ಲಿಗೆ ಆಳುಗಳನ್ನು ಕರೆತರುವ ಬೇರೆ ವ್ಯವಸ್ಥೆಯನ್ನು ನೆರೆಯ ನಾಲ್ಕು ತೋಟದವರು ಕೂಡಿ ಮಾಡಬಹುದೇ?