ಮುದನೂರಿನ ಉಕಾರದಿಂದ ಶುರುಮಾಡು

ತಮ್ಮಾ,

ಮಾಹಿತಿ ಶೋಧದ ಸಮ್ಮೇಳನಕ್ಕೆ ಟ್ಯುಟೋರಿಯಲ್ ಪ್ರಸ್ತಾವ ಬರೆಯಲು ಕೂತ ಯಾದಗಿರಿ, ಶಹಾಪುರ, ಸುರಪುರದ ಮಕ್ಕಳು ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ಸುರಪುರ ಸೀಮೆಯ ಮುದನೂರು ವಚನಕಾರ ಜೇಡರ ದಾಸಿಮಯ್ಯನ ಊರು. ಆ ಊರಿನ ಹೆಸರೇ ಸಾಕು.

‘ಸುರಪುರಕ್ಕೆ’, ‘ಸುರಪುರದಿಂದ’, ನಮ್ಮ ಆಡುಮಾತಿನ ‘ಸುರಪುರದಾಗ’ ಇವೆಲ್ಲದರಲ್ಲೂ ಮೊದಲ ನಾಲ್ಕಕ್ಷರ ಒಂದೇ. ಪದದ ಮೊದಲ ಅಕ್ಷರಗಳನ್ನಷ್ಟೇ ಹೊಂದಿಸಿ ನೋಡುವ ತಂತ್ರಾಂಶಕ್ಕೂ ಇವು ಸಿಗುತ್ತವೆ. ‘ಮುದನೂರು’ ಹಾಗಲ್ಲ. ‘ಮುದನೂರಿನ’, ‘ಮುದನೂರಲ್ಲಿ’ ಎಂದೊಡನೆ ಕೊನೆಯ ಉಕಾರ ಬಿದ್ದುಹೋಗುತ್ತದೆ, ಹುಡುಕಾಟ ಬರಿಗೈಯಲ್ಲಿ ಮರಳುತ್ತದೆ. ಉಕಾರವನ್ನು ಕತ್ತರಿಸಿಬಿಟ್ಟರೆ ಆಯಿತೇ? ಆಗ ‘ಊರಿನ’ ಮತ್ತು ಕೋಲು ‘ಊರಿದ’ ಎರಡೂ ಒಂದೇ ಬೇರಿಗೆ ಇಳಿಯುತ್ತವೆ. ಬೇಡದ್ದೆಲ್ಲ ಬಂದು ಬೀಳುತ್ತದೆ. ಸಿಗಬೇಕಾದದ್ದು ತಪ್ಪುವುದು, ಸಿಗಬಾರದ್ದು ಬರುವುದು: ಈ ಶಾಸ್ತ್ರದ ಎರಡು ಮೂಲ ಅಳತೆಗಳು ಇಲ್ಲೇ ಕಣ್ಣಿಗೆ ಕಾಣುತ್ತವೆ. ಇನ್ನು ಇಂಗ್ಲಿಷ್ ದಾಖಲೆಗಳಲ್ಲಿ ಸುರಪುರವೇ ‘ಶೋರಾಪುರ’. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದ ಬಗ್ಗೆ ಬರೆದದ್ದು ಬೇಕೆಂದವರು ಆ ಹೆಸರಿನಲ್ಲೂ ಹುಡುಕಬೇಕು.

ಟ್ಯುಟೋರಿಯಲ್ ಸಂಶೋಧನಾ ಪ್ರಬಂಧವಲ್ಲ, ಪಾಠ. ಅರ್ಧ ದಿನದ್ದಾದರೆ ಸುಮಾರು ಮೂರು ಗಂಟೆ. ಹೊಸಬರು ಎಡವುವುದು ಇಲ್ಲೇ: ತಮ್ಮದೇ ಪ್ರಬಂಧಗಳನ್ನು ಸಾಲಾಗಿ ಜೋಡಿಸಿ ಕಳಿಸುತ್ತಾರೆ. ಪ್ರಸ್ತಾವವನ್ನು ತೂಗುವವರು ನೋಡುವುದು ಬೇರೆ. ಕೇಳುಗರು ಯಾರು, ಅವರಿಗೆ ಮೊದಲೇ ಏನು ಗೊತ್ತಿರಬೇಕು, ಎದ್ದು ಹೋಗುವಾಗ ಅವರ ಕೈಗೆ ಏನು ಬಂದಿರುತ್ತದೆ, ಯಾವ ಭಾಗಕ್ಕೆ ಎಷ್ಟು ನಿಮಿಷ. ಇದೇ ವಿಷಯದ ಪಾಠ ಹಿಂದೆ ನಡೆದಿದ್ದರೆ ಇದು ಹೇಗೆ ಬೇರೆ ಎಂಬುದನ್ನೂ ಬರೆಯಬೇಕು.

ಕನ್ನಡದ ಹುಡುಕಾಟಕ್ಕೆ ನೆಲೆ ಇಲ್ಲವೆಂದು ಹಿಂಜರಿಯಬೇಡ. ಭಾರತೀಯ ಭಾಷೆಗಳ ಹುಡುಕಾಟವನ್ನು ಒರೆಗೆ ಹಚ್ಚುವ ‘ಫೈರ್’ ವೇದಿಕೆ 2008ರಿಂದ ಇದೆ. 2021ರಲ್ಲಿ ಅಲ್ಲಿ ಕನ್ನಡ-ಇಂಗ್ಲಿಷ್ ಬೆರೆತ ಬರಹದ ಭಾವ ಗುರುತಿಸುವ ಸ್ಪರ್ಧೆಯೂ ನಡೆಯಿತು. ವಚನಗಳಲ್ಲಿ ಪದ ಹುಡುಕಲು ‘ವಚನ ಸಂಚಯ’ ಜಾಲತಾಣವಿದೆ, ಕೇಳುಗರ ಕೈಗೇ ಕೊಟ್ಟು ಅಭ್ಯಾಸ ಮಾಡಿಸಲು ಅದಕ್ಕಿಂತ ಚೆಂದದ ಸಾಮಗ್ರಿ ಇಲ್ಲ.

ಕರಡನ್ನು ಕಳಿಸುವ ಮೊದಲು ಕನ್ನಡ ಬಾರದ ಗೆಳೆಯರೊಬ್ಬರಿಗೆ ಓದಲು ಕೊಡು. ಮುದನೂರಿನ ಉಕಾರ ಎಲ್ಲಿ ಹೋಯಿತೆಂದು ಅವರಿಗೆ ತಿಳಿಯದಿದ್ದರೆ ಆ ಪುಟವನ್ನು ಮತ್ತೊಮ್ಮೆ ಬರೆ.